ಹಿಮವನ್ನು ಅರಸಿ ಹೊರಡುವ ಮುನ್ನ

ಕನ್ನಡದಲ್ಲಿ 'ಮಂಜು' ಎಂಬುದು ಬಹಳ ಉದಾರವಾದ ಮಾತು. ಮಡಿಕೇರಿಯ ಬೆಟ್ಟವನ್ನು ಮುಸುಕುವ ಮೋಡವೂ ಮಂಜು. ಮಾಗಿಯ ಬೆಳಗಿನಲ್ಲಿ ಹುಲ್ಲಿನ ತುದಿಗೆ ತೂಗುವ ಹನಿಯೂ ಮಂಜು. ಹಿಮಾಲಯದ ಮೈಮೇಲೆ ಆಳೆತ್ತರ ಬೀಳುವ ಬಿಳಿಯ ರಾಶಿಯೂ ಮಂಜೇ. ತನ್ನ ನೆಲದಲ್ಲಿ ಬೀಳದ ವಸ್ತುವಿಗೆ ಪ್ರತ್ಯೇಕವಾದ ಹೆಸರನ್ನಿಡುವ ಅಗತ್ಯ ಈ ನಾಡಿಗೆ ಒದಗಲಿಲ್ಲ. ಕಾವ್ಯಕ್ಕೆ ಬೇಕೆನಿಸಿದಾಗ 'ಹಿಮ'ವನ್ನು ಸಂಸ್ಕೃತದಿಂದ ತಂದುಕೊಂಡದ್ದಾಯಿತು. ಕಾಶ್ಮೀರಿ ಭಾಷೆಯ ಸಂಗತಿ ಹಾಗಲ್ಲ. ಅಲ್ಲಿ ನೆಲದ ಮೇಲೆ ಬೀಳುವ ಹಿಮಕ್ಕೆ 'ಶೀನ್' ಎಂಬ ಸ್ವಂತ ಹೆಸರಿದೆ. ವರ್ಷದ ಮೊದಲ ಶೀನ್ ಬಿದ್ದ ದಿನ ನೆರೆಹೊರೆಯವರು ಒಬ್ಬರಿಗೊಬ್ಬರು ಶುಭ ಕೋರುವ ಪದ್ಧತಿಯೂ ಉಂಟು.

ತನಗಿಲ್ಲದ ಈ ವಸ್ತುವಿನ ಮೇಲೆ ಕನ್ನಡನಾಡಿನ ಸಂಸಾರವಂದಿಗರಿಗೆ ಹುಟ್ಟಿರುವ ಮೋಹ ಸಾಮಾನ್ಯವಾದುದಲ್ಲ. ಬೇಸಿಗೆಯ ಊಟಿ, ಕೊಡೈಕಾನಲುಗಳಿಂದ ತೃಪ್ತಿಪಡುತ್ತಿದ್ದ ಮನೆಗಳಲ್ಲಿ ಈಗ ಚಳಿಗಾಲದ ಹಿಮಾಲಯದ ಮಾತು ಕೇಳಿಬರುತ್ತದೆ. ಮಕ್ಕಳಿಗೆ ಎರಡು ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಆಸೆ. ತಾಯಿಗೆ ಬಿಳಿಯ ಬೆಟ್ಟದ ನಡುವೆ ಎಲ್ಲರೂ ಕೂಡಿ ನಿಂತ ಒಂದು ಚಿತ್ರ ಬೇಕು. ಅಜ್ಜಿಗೆ ಎಲ್ಲಿಯಾದರೂ ಒಂದು ದೇವರ ದರ್ಶನವಾದರೆ ಸಾಕು. ಯಜಮಾನನಿಗೆ ಖರ್ಚಿನ ಚಿಂತೆ. ಈ ನಾಲ್ಕನ್ನೂ ಒಂದೇ ಸ್ಥಳದಲ್ಲಿ ಕೂಡಿಸುವುದು ಸುಲಭವಲ್ಲ. ಅದಕ್ಕಿಂತ ಮುಖ್ಯವಾಗಿ, ಸ್ಥಳವನ್ನು ಆರಿಸುವವರು ಸಾಮಾನ್ಯವಾಗಿ ಚಿತ್ರಗಳನ್ನು ನೋಡಿ ಆರಿಸುತ್ತಾರೆಯೇ ಹೊರತು ಪಂಚಾಂಗವನ್ನು ನೋಡಿ ಆರಿಸುವುದಿಲ್ಲ. ಹಿಮಕ್ಕೆ ತನ್ನದೇ ಆದ ಪಂಚಾಂಗವಿದೆ. ಅದು ಕನ್ನಡನಾಡಿನ ಶಾಲೆಗಳ ರಜೆಯೊಡನೆ ಹೊಂದುವುದಿಲ್ಲ.

ಈ ಹಿಮ ಮುಂಗಾರಿನ ಕೊಡುಗೆಯಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಲ್ಲಿ ಹುಟ್ಟಿ, ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಬರುವ ಗಾಳಿಯ ಕ್ಷೋಭೆಗಳು ಚಳಿಗಾಲದಲ್ಲಿ ಹಿಮಾಲಯಕ್ಕೆ ತಾಗಿ ತಮ್ಮ ತೇವವನ್ನು ಹಿಮವಾಗಿ ಸುರಿಸುತ್ತವೆ. ಹವಾಮಾನ ಇಲಾಖೆಯವರು ಇವನ್ನು ಪಶ್ಚಿಮದ ಕ್ಷೋಭೆಗಳೆಂದು ಕರೆಯುತ್ತಾರೆ. ಪಶ್ಚಿಮದಿಂದ ಬರುವ ಅತಿಥಿಗೆ ಮೊದಲು ಸಿಗುವ ಮನೆ ಕಾಶ್ಮೀರ. ಅಲ್ಲಿ ಕೈತುಂಬ ಕೊಟ್ಟ ಮೇಲೆ ಹಿಮಾಚಲಕ್ಕೆ, ಅದನ್ನೂ ದಾಟಿ ಗಢವಾಲಕ್ಕೆ ಬರುವಷ್ಟರಲ್ಲಿ ಚೀಲ ಬಹುಮಟ್ಟಿಗೆ ಹಗುರಾಗಿರುತ್ತದೆ. ಒಂದೇ ಎತ್ತರದ ಎರಡು ಬೆಟ್ಟಗಳಲ್ಲಿ ಪಶ್ಚಿಮದ ಬೆಟ್ಟಕ್ಕೆ ಹೆಚ್ಚು ಹಿಮ ಬೀಳುವುದರ ಗುಟ್ಟು ಇದೇ.

ಇನ್ನು ಕಾಲ. ಕಾಶ್ಮೀರಿಗಳು ತಮ್ಮ ಚಳಿಗಾಲವನ್ನು ಒಂದು ಸಂಸಾರದಂತೆ ಎಣಿಸುತ್ತಾರೆ. ಡಿಸೆಂಬರ್ 21ರಿಂದ 40 ದಿನ 'ಚಿಲ್ಲೈ ಕಲಾನ್', ಅಂದರೆ ಹಿರಿಯ ಚಳಿ; ಅನಂತರ 20 ದಿನ 'ಚಿಲ್ಲೈ ಖುರ್ದ್', ಕಿರಿಯ ಚಳಿ; ಕೊನೆಗೆ 10 ದಿನ 'ಚಿಲ್ಲೈ ಬಚ್ಚಾ', ಮರಿ ಚಳಿ. ಹಿಮ ನೆಲದಲ್ಲಿ ಚೆನ್ನಾಗಿ ಕೂತು, ಪದರದ ಮೇಲೆ ಪದರ ಬಿದ್ದು, ಜಾರಾಟಕ್ಕೆ ಹದವಾಗುವುದು ಜನವರಿಯ ಉತ್ತರಾರ್ಧದಿಂದ ಫೆಬ್ರವರಿಯ ಕೊನೆಯವರೆಗೆ. ಆದರೆ ಕನ್ನಡನಾಡಿನ ಮಕ್ಕಳಿಗೆ ದೊಡ್ಡ ರಜೆ ದಸರೆಗೆ ಮತ್ತು ಬೇಸಿಗೆಗೆ. ದಸರೆಯಲ್ಲಿ ಗುಲ್ಮಾರ್ಗ ಒಂದು ಹುಲ್ಲುಗಾವಲು. ಕ್ರಿಸ್‌ಮಸ್ಸಿನ ನಾಲ್ಕಾರು ದಿನಗಳಲ್ಲಿ ಚಳಿ ಖಂಡಿತ, ಹಿಮ ಅದೃಷ್ಟ, ಜನಸಂದಣಿಯಂತೂ ಶತಸ್ಸಿದ್ಧ. ಫೆಬ್ರವರಿಯಲ್ಲಿ ಪರೀಕ್ಷೆಯ ಭೂತ ಬಾಗಿಲಲ್ಲಿ ನಿಂತಿರುತ್ತದೆ. ಆದುದರಿಂದ ಯಾವ ಊರು ಎಂಬ ಪ್ರಶ್ನೆಗಿಂತ ಯಾವ ವಾರ ಎಂಬ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು. ಕೆಳ ತರಗತಿಯ ಮಕ್ಕಳುಳ್ಳವರು ಸಂಕ್ರಾಂತಿ ಕಳೆದ ಮೇಲೆ ಒಂದು ವಾರ ಶಾಲೆ ತಪ್ಪಿಸಿದರೆ ಲೋಕವೇನೂ ಮುಳುಗುವುದಿಲ್ಲ. ಉಪಾಧ್ಯಾಯರು ಮುನಿಸಿಕೊಂಡರೆ, ಹಿಮದ ಮೇಲೊಂದು ಪ್ರಬಂಧ ಬರೆಸಿ ಒಪ್ಪಿಸಬಹುದು.

ಭಾರತದಲ್ಲಿ ನಿಜವಾಗಿ ಸ್ಕೀ ಕಲಿಯಬೇಕೆನ್ನುವವರಿಗೆ ಮೊದಲ ಹೆಸರು ಗುಲ್ಮಾರ್ಗ. ಶ್ರೀನಗರದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, ಸುಮಾರು 8,700 ಅಡಿಗಳ ಎತ್ತರದಲ್ಲಿ, ಪೈನ್ ಮತ್ತು ಫರ್ ವೃಕ್ಷಗಳ ನಡುವೆ ಹಾಸಿದ ಬಟ್ಟಲಿನಂತಹ ಬಯಲು ಅದು. ಹಿಂದೆ ಗೌರಿಮಾರ್ಗವೆಂದು ಹೆಸರಿತ್ತೆಂದೂ, 16ನೆಯ ಶತಮಾನದಲ್ಲಿ ಯೂಸುಫ್ ಶಾಹ್ ಚಕ್ ಎಂಬ ಅರಸ ಅದಕ್ಕೆ ಗುಲ್ಮಾರ್ಗ, ಹೂವಿನ ಬಯಲು, ಎಂದು ಹೆಸರಿಟ್ಟನೆಂದೂ ಹೇಳುತ್ತಾರೆ. ಆಂಗ್ಲರು ಅಲ್ಲಿ ಬೇಸಿಗೆಯಲ್ಲಿ ಗಾಲ್ಫ್ ಆಡಿದರು, 1902ರಲ್ಲಿ ಒಂದು ಪುಟ್ಟ ಇಗರ್ಜಿ ಕಟ್ಟಿಕೊಂಡರು, 1927ರಲ್ಲಿ ಸ್ಕೀ ಕ್ಲಬ್ಬೊಂದನ್ನು ತೆರೆದರು. ಅವರು ಹೊರಟುಹೋದ ಮೇಲೆ ಆ ಹಲಗೆಗಳು ಮೂಲೆಗೆ ಬೀಳಬೇಕಾಗಿತ್ತು. ಬೀಳದಂತೆ ಎತ್ತಿ ಹಿಡಿದವರಲ್ಲಿ ಒಬ್ಬರು ಕನ್ನಡನಾಡಿನವರೆಂಬುದು ಇಲ್ಲಿ ನೆನೆಯತಕ್ಕ ವಿಷಯ. ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ವೀರ ಕೆ. ಎಸ್. ತಿಮ್ಮಯ್ಯನವರು ಕಾಶ್ಮೀರದಲ್ಲಿ 19ನೆಯ ಪದಾತಿ ವಿಭಾಗದ ನಾಯಕರಾಗಿದ್ದಾಗ, 1948ರ ಡಿಸೆಂಬರಿನಲ್ಲಿ, ತಮ್ಮ ಸೈನಿಕರಿಗಾಗಿ ಗುಲ್ಮಾರ್ಗದಲ್ಲಿ ಒಂದು ಸ್ಕೀ ಶಾಲೆಯನ್ನು ಆರಂಭಿಸಿದರು. ಅದೇ ಬೆಳೆದು ಸೇನೆಯ ಪರ್ವತಯುದ್ಧ ಶಾಲೆಯಾಯಿತು. ಮಂಜೆಂದರೆ ಮೋಡವೆಂದೇ ತಿಳಿದಿದ್ದ ಸೀಮೆಯವರೊಬ್ಬರು ಹಿಮದ ಮೇಲೆ ನಡೆಯುವ ವಿದ್ಯೆಗೆ ಶಾಲೆ ತೆರೆದದ್ದು ಸಣ್ಣ ಮಾತೇನಲ್ಲ.

ಸಾರ್ವಜನಿಕರ ಕ್ರೀಡೆಯಾಗಿ ಅದು ಬೆಳೆದದ್ದು ಅನಂತರ. 1960ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ರುಡಾಲ್ಫ್ ಮಾಟ್ ಎಂಬ ತಜ್ಞ ಚಳಿಗಾಲದ ಆಟಗಳಿಗೆ ಗುಲ್ಮಾರ್ಗವೇ ತಕ್ಕ ಸ್ಥಳವೆಂದು ಆರಿಸಿದ. 1968ರಲ್ಲಿ ಅಲ್ಲಿ ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆ ನೆಲೆಗೊಂಡಿತು. ಗೊಂಡೊಲಾ ಎಂದು ಹೆಸರಾದ ತೂಗುಪೆಟ್ಟಿಗೆಗಳ ಕೆಲಸ 1988ರಲ್ಲಿ ಮೊದಲಾಗಿ, ಕಣಿವೆಯ ಅಶಾಂತಿಯಿಂದ 1990ರಲ್ಲಿ ನಿಂತು, 1998ರಲ್ಲಿ ಮೊದಲ ಹಂತ, 2005ರಲ್ಲಿ ಎರಡನೆಯ ಹಂತ ಓಡತೊಡಗಿದವು. ಮೊದಲ ಹಂತ ಪ್ರವಾಸಿಯನ್ನು ಸುಮಾರು 10,000 ಅಡಿಗಳ ಕೊಂಗ್‌ದೂರಿಗೆ ಒಯ್ಯುತ್ತದೆ. ಎರಡನೆಯದು ಅಫರ್ವತ್ ಶಿಖರದ ಹೆಗಲಿಗೆ, ಸುಮಾರು 13,000 ಅಡಿಗಳಿಗೆ, ಏರಿಸುತ್ತದೆ.

ಇಲ್ಲಿ ಅಜ್ಜಿಯ ವಿಷಯಕ್ಕೆ ಬರಬೇಕು. ಬೆಂಗಳೂರು ಇರುವುದು 3,000 ಅಡಿಗಳಲ್ಲಿ. ಅಲ್ಲಿಂದ ವಿಮಾನದಲ್ಲಿ ಹೊರಟು ಮಾರನೆಯ ದಿನವೇ 13,000 ಅಡಿಗಳಿಗೆ ಏರಿದರೆ ಎಳೆಯರಿಗೂ ತಲೆ ಭಾರವಾಗುವುದುಂಟು. ಹೃದಯ, ಶ್ವಾಸಕೋಶಗಳ ತೊಂದರೆಯುಳ್ಳ ಹಿರಿಯರಿಗೆ ಅದು ಅಪಾಯ. ಮೊದಲ ಹಂತದವರೆಗೆ ಹೋಗಿ, ಬಿಸಿಲಿನಲ್ಲಿ ಕುಳಿತು ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಕುಡಿಯುವುದೇ ಅವರಿಗೆ ಲೇಸು. ಅದರ ರುಚಿ ಕನ್ನಡ ನಾಲಿಗೆಗೆ ಮೊದಲ ಗುಟುಕಿನಲ್ಲಿ ಹಿಡಿಸುವುದಿಲ್ಲ; ಎರಡನೆಯ ಲೋಟದ ಹೊತ್ತಿಗೆ ಹಿಡಿಸಿದರೂ ಹಿಡಿಸೀತು.

ಗುಲ್ಮಾರ್ಗದ ವಿಶೇಷವಿರುವುದು ಅದು ಎರಡು ಬಗೆಯ ಜನರಿಗೆ ಎರಡು ಬಗೆಯ ಬೆಟ್ಟವಾಗಿರುವುದರಲ್ಲಿ. ಕೆಳಗಿನ ಬಯಲಿನ ಅಂಚಿನಲ್ಲಿ ಮಗುವೂ ಹೆದರದಷ್ಟು ಮೃದುವಾದ ಇಳಿಜಾರುಗಳಿವೆ. ಮೇಲೆ ಅಫರ್ವತದ ಮೈಯಾದರೋ ಪಳಗಿದವರಿಗೆ ಮಾತ್ರ. ಅದರ ಹಿಟ್ಟಿನಂತಹ ಹೊಸ ಹಿಮವನ್ನು ಅರಸಿಕೊಂಡು ಯೂರೋಪು, ರಷ್ಯಾಗಳಿಂದ ಜನ ಬರುತ್ತಾರೆ. ಅಲ್ಲಿನ ಸೌಂದರ್ಯ ಎಷ್ಟೋ ಅಪಾಯವೂ ಅಷ್ಟೇ. 2010ರ ಫೆಬ್ರವರಿಯಲ್ಲಿ ಪರ್ವತಯುದ್ಧ ಶಾಲೆಯ 17 ಮಂದಿ ಸೈನಿಕರು ಹಿಮಕುಸಿತದಲ್ಲಿ ಮಡಿದರು. 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬ ಪ್ರವಾಸಿ ಇದೇ ರೀತಿ ಅಸುನೀಗಿದರು. ಸುಮಾರು 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ, ಹೊಸ ಹಿಮ ಬಿದ್ದ ಮೊದಲ ಒಂದೆರಡು ದಿನಗಳಲ್ಲಿ, ಹಳೆಯ ಪದರದ ಮೇಲೆ ಹೊಸ ಪದರ ಸರಿಯಾಗಿ ಅಂಟಿಕೊಂಡಿರುವುದಿಲ್ಲ. ಒಬ್ಬ ಮನುಷ್ಯನ ಭಾರ ಅದನ್ನು ಜಾರಿಸಲು ಸಾಕು. ಹೊಸದಾಗಿ ಕಲಿತ ಹುಡುಗರು ಮೂರನೆಯ ದಿನವೇ ಮೇಲಿನ ಬೆಟ್ಟಕ್ಕೆ ಹೋಗುತ್ತೇವೆಂದು ಹಟ ಹಿಡಿದರೆ ತಂದೆತಾಯಿಯರು ಕಿವಿಗೊಡಬಾರದು. ಗೊಂಡೊಲಾ ಕೂಡ ಗಾಳಿ ಜೋರಾದ ದಿನ ನಿಲ್ಲುತ್ತದೆ. ನಿಂತಿತೆಂದು ಗೊಣಗುವವರು 2017ರ ಜೂನ್ 25ನ್ನು ನೆನೆಯಬೇಕು. ಅಂದು ಬಿರುಗಾಳಿಗೆ ಮರವೊಂದು ಹಗ್ಗದ ಮೇಲುರುಳಿ ಏಳು ಮಂದಿ ಪ್ರಾಣ ಕಳೆದುಕೊಂಡಿದ್ದರು.

ಅಪಾಯದ ಮಾತು ಬಂದಮೇಲೆ ಇನ್ನೊಂದನ್ನು ಮರೆಮಾಚುವುದು ಸರಿಯಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರ ಗುಂಡಿಗೆ 26 ಮಂದಿ ಬಲಿಯಾದರು. ರಜೆಗೆಂದು ಸಂಸಾರದೊಡನೆ ಹೋಗಿದ್ದ ಕನ್ನಡನಾಡಿನವರೂ ಅವರಲ್ಲಿದ್ದರು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಕಾಶ್ಮೀರದ ಮಾತೆತ್ತಿದರೆ ಮೌನ ಕವಿಯುತ್ತದೆ. ಹೋಗಲೇಬೇಕೆಂದು ಒತ್ತಾಯಿಸುವುದಕ್ಕೂ ಹೋಗಲೇಬಾರದೆಂದು ಹೇಳುವುದಕ್ಕೂ ಹೊರಗಿನವರಿಗೆ ಅಧಿಕಾರವಿಲ್ಲ. ಅದು ಆಯಾ ಮನೆಯವರು ಕುಳಿತು ತೀರ್ಮಾನಿಸಬೇಕಾದ ವಿಷಯ. ಮನೆಯಲ್ಲಿ ಒಬ್ಬರಿಗೆ ಅಳುಕಿದ್ದರೂ ಆ ಅಳುಕನ್ನು ನಗೆಯಾಡದೆ ಗೌರವಿಸಿ, ಸರ್ಕಾರದ ಸೂಚನೆಗಳನ್ನು ವಿಚಾರಿಸಿಕೊಂಡು ಹೊರಡುವುದು ವಿವೇಕ. ಹೆದರಿದ ಮನಸ್ಸಿನಿಂದ ನೋಡಿದ ಹಿಮ ಬರಿಯ ಚಳಿ.

ಇಷ್ಟಾದರೂ ಹಿಮ ಇದ್ದೇ ಇರುತ್ತದೆಯೇ? 2024ರ ಜನವರಿಯ ಮೊದಲ ವಾರಗಳಲ್ಲಿ ಗುಲ್ಮಾರ್ಗಕ್ಕೆ ಹೋದವರು ಕಂಡದ್ದು ಕಂದುಗಟ್ಟಿದ ಹುಲ್ಲನ್ನು. ಚಿಲ್ಲೈ ಕಲಾನಿನ ನಟ್ಟನಡುವೆ ಬಯಲು ಬರಿದಾಗಿತ್ತು. ಕುದುರೆಯವರೂ, ಜಾರುಬಂಡಿ ಎಳೆಯುವವರೂ, ಸ್ಕೀ ಬಾಡಿಗೆಗೆ ಕೊಡುವವರೂ ಕೈಕಟ್ಟಿ ಕುಳಿತಿದ್ದರು. ಹಿಮ ಬಂದದ್ದು ತಿಂಗಳ ಕೊನೆಗೆ. ಮರುವರ್ಷ, 2025ರ ಫೆಬ್ರವರಿಯಲ್ಲಿ, ರಾಷ್ಟ್ರೀಯ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗದ ಭಾಗವನ್ನು ಹಿಮವಿಲ್ಲದ ಕಾರಣ ಮುಂದೂಡಿ ಮಾರ್ಚ್ ತಿಂಗಳಲ್ಲಿ ನಡೆಸಬೇಕಾಯಿತು. ಪ್ರವಾಸಿಗೆ ಹಿಮವಿಲ್ಲದಿದ್ದರೆ ಒಂದು ರಜೆ ಕೆಡುತ್ತದೆ, ಅಷ್ಟೆ. ಜಾರುಬಂಡಿ ಎಳೆಯುವವನಿಗಾದರೋ ವರ್ಷದ ಅನ್ನವೇ ಕೆಡುತ್ತದೆ. ಬಂಡಿಯ ಬಾಡಿಗೆಗೆ ಚೌಕಾಶಿ ಮಾಡುವ ಮುನ್ನ ಇದು ನೆನಪಿದ್ದರೆ ಒಳ್ಳೆಯದು.

ಸ್ಕೀ ಕಲಿಯುವುದೆಂದರೇನೆಂದು ತಿಳಿಯದೆ ಹಣ ಕಟ್ಟುವವರೇ ಹೆಚ್ಚು. ಸ್ಕೀ ಎಂಬುದು ನಾರ್ವೆಯ ಮಾತು. ಸೀಳಿದ ಮರದ ತುಂಡು ಎಂಬುದು ಅದರ ಮೂಲಾರ್ಥ. ಮೊದಲ ದಿನವೆಲ್ಲ ಗಟ್ಟಿಯಾದ ಭಾರದ ಬೂಟುಗಳನ್ನು ತೊಟ್ಟು ಸಮನೆಲದಲ್ಲಿ ನಡೆಯುವುದು, ಬೀಳುವುದು, ಬಿದ್ದಲ್ಲಿಂದ ಏಳುವುದು. ಬೀಳುವಾಗ ಹಿಂದಕ್ಕೆ ಬೀಳದೆ ಪಕ್ಕಕ್ಕೆ ಬೀಳಬೇಕು. ನಿಲ್ಲುವ ವಿದ್ಯೆ ಜಾರುವ ವಿದ್ಯೆಗಿಂತ ಮೊದಲು ಬರುತ್ತದೆ: ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಅಗಲಿಸಿ ನೇಗಿಲಿನ ಆಕಾರ ಮಾಡಿದರೆ ವೇಗ ತಗ್ಗುತ್ತದೆ. ಎಂಟು ವರ್ಷದ ಮಗು ಇದನ್ನು ಅರ್ಧ ದಿನದಲ್ಲಿ ಕಲಿಯುತ್ತದೆ, ನಲವತ್ತು ದಾಟಿದ ತಂದೆಗೆ ಎರಡು ದಿನ ಬೇಕು. ಮೊಣಕಾಲಿನ ನೋವು ಬೇರೆ. ಆದ್ದರಿಂದ ಎರಡು ದಿನಕ್ಕೆಂದು ಹೋಗುವವರು ಸ್ಕೀಯ ಆಸೆ ಬಿಟ್ಟು ಜಾರುಬಂಡಿಯಲ್ಲಿ ಕುಳಿತು ಬರುವುದೇ ಒಳ್ಳೆಯದು. ಕಲಿಯಬೇಕೆನ್ನುವವರು ಐದಾರು ದಿನವನ್ನಾದರೂ ಕೈಯಲ್ಲಿಟ್ಟುಕೊಳ್ಳಬೇಕು. ಹತ್ತಿಯ ಬಟ್ಟೆ ಒದ್ದೆಯಾದರೆ ಮೈಯ ಶಾಖವನ್ನೆಲ್ಲ ಹೀರುತ್ತದೆ, ಉಣ್ಣೆಯೇ ಬೇಕು. ಹಿಮದ ಮೇಲಿನ ಬಿಸಿಲು ಕಣ್ಣಿಗೆ ಬೆಂಕಿಯಾದುದರಿಂದ ಕಪ್ಪು ಕನ್ನಡಕವೂ ಬೇಕು. ಮೇಲಂಗಿ, ಬೂಟುಗಳು ಬೆಟ್ಟದ ಬುಡದ ತಂಗ್‌ಮಾರ್ಗದಲ್ಲಿ ಬಾಡಿಗೆಗೆ ಸಿಗುತ್ತವೆ. ಹಿಮ ಬಿದ್ದ ದಿನಗಳಲ್ಲಿ ಅಲ್ಲಿಂದ ಮೇಲಕ್ಕೆ ಗಾಲಿಗೆ ಸರಪಳಿ ಕಟ್ಟಿದ ವಾಹನಗಳೇ ಹತ್ತಬೇಕು.

ಎರಡನೆಯ ಹೆಸರು ಔಲಿ. ಅಜ್ಜಿಯ ಆಸೆ ಈಡೇರುವುದು ಇಲ್ಲಿ. ಉತ್ತರಾಖಂಡದ ಜೋಶಿಮಠದ ಮೇಲೆ, ಸುಮಾರು 8,200ರಿಂದ 10,000 ಅಡಿಗಳವರೆಗೆ ಹಬ್ಬಿದ ಇಳಿಜಾರು; ಎದುರಿಗೆ 25,643 ಅಡಿಗಳ ನಂದಾದೇವಿ. ನೋಟದ ಮಟ್ಟಿಗೆ ಹೇಳುವುದಾದರೆ ಗುಲ್ಮಾರ್ಗಕ್ಕೆ ಇಂತಹ ಎದುರುಮನೆ ಇಲ್ಲ. ಜೋಶಿಮಠವಾದರೋ ಶಂಕರಾಚಾರ್ಯರ ಉತ್ತರದ ಆಮ್ನಾಯಪೀಠ, ಜ್ಯೋತಿರ್ಮಠ, ಶೃಂಗೇರಿಗೆ ಒಡಹುಟ್ಟು. ಚಳಿಗಾಲದಲ್ಲಿ ಬದರಿಯ ದೇಗುಲ ಮುಚ್ಚಿದಾಗ ಆಚಾರ್ಯರ ಗದ್ದುಗೆ ಇಲ್ಲಿನ ನರಸಿಂಹ ದೇವಾಲಯಕ್ಕೆ ಬರುತ್ತದೆ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯದ ಮೊದಲ ಚಳಿಗಾಲದ ಕ್ರೀಡೆಗಳ ಹಿಮದಾಟಗಳು ನಡೆದದ್ದೂ ಔಲಿಯಲ್ಲಿಯೇ. ಇಷ್ಟೆಲ್ಲ ಇದ್ದೂ ಔಲಿಯನ್ನು ಆರಿಸುವವರ ಕೈ ಒಂದು ಕ್ಷಣ ತಡೆಯಬೇಕಾಗಿದೆ.

ಜೋಶಿಮಠ ಗಟ್ಟಿಬಂಡೆಯ ಮೇಲೆ ಕಟ್ಟಿದ ಊರಲ್ಲ. ಎಂದೋ ಕುಸಿದು ಬಂದ ಕಲ್ಲುಮಣ್ಣಿನ ರಾಶಿಯ ಮೇಲೆ ನೆಲೆಸಿದ ಊರದು. 1976ರಲ್ಲಿಯೇ ಎಂ. ಸಿ. ಮಿಶ್ರಾ ಅವರ ಸಮಿತಿ, ಇಲ್ಲಿ ಭಾರಿ ಕಟ್ಟಡಗಳು ಕೂಡವು, ಬಂಡೆಗಳನ್ನು ಸಿಡಿಸಬಾರದು, ಮರಗಳನ್ನು ಕಡಿಯಬಾರದು ಎಂದು ಎಚ್ಚರಿಸಿತ್ತು. ಊರು ಬೆಳೆಯುತ್ತಲೇ ಹೋಯಿತು. ಯಾತ್ರಿಕರಿಗೆ, ಹಿಮ ನೋಡಲು ಬರುವವರಿಗೆ ಮಹಡಿಯ ಮೇಲೆ ಮಹಡಿ ಎದ್ದಿತು. 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರವರೆಗಿನ 12 ದಿನಗಳಲ್ಲಿ ಊರಿನ ನೆಲ 5.4 ಸೆಂಟಿಮೀಟರು ಕುಸಿಯಿತೆಂದು ಉಪಗ್ರಹದ ಚಿತ್ರಗಳು ತೋರಿಸಿದವು. ನೂರಾರು ಮನೆಗಳ ಗೋಡೆಗಳು ಬಿರಿದವು. ಕೊರೆಯುವ ಚಳಿಯಲ್ಲಿ ಸಂಸಾರಗಳು ಮನೆ ಬಿಟ್ಟು ಹೊರಬಿದ್ದವು. ಜೋಶಿಮಠದಿಂದ ಔಲಿಗೆ ಏರುತ್ತಿದ್ದ ಸುಮಾರು ನಾಲ್ಕು ಕಿಲೋಮೀಟರು ಉದ್ದದ ರೋಪ್‌ವೇ ಆ ಜನವರಿಯಲ್ಲಿ ನಿಂತಿತು. ಔಲಿಗೆ ಹೋಗುವವರು ರಸ್ತೆಯನ್ನೇ ನೆಚ್ಚಿ ಲೆಕ್ಕ ಹಾಕಬೇಕು. ಋಷಿಕೇಶದಿಂದ ಜೋಶಿಮಠಕ್ಕೆ ಬೆಟ್ಟದ ದಾರಿಯೇ ಸುಮಾರು 250 ಕಿಲೋಮೀಟರು, ಒಂದು ಇಡೀ ದಿನದ ಪ್ರಯಾಣ.

ಹಿಮವೂ ಇಲ್ಲಿ ಗುಲ್ಮಾರ್ಗದಷ್ಟು ನಂಬಿಗಸ್ತನಲ್ಲ. ಅದಕ್ಕಾಗಿ ನೀರನ್ನು ಚಿಮ್ಮಿಸಿ ಹಿಮ ಮಾಡುವ ಯಂತ್ರಗಳನ್ನೂ, ಅವಕ್ಕೆ ನೀರೂಡಿಸಲು ಒಂದು ಕೆರೆಯನ್ನೂ ಇಳಿಜಾರಿನ ಮೇಲೆ ಕಟ್ಟಿದರು. ಆದರೆ ಗಾಳಿಯ ಉಷ್ಣತೆ ಶೂನ್ಯಕ್ಕಿಂತ ಕೆಳಗಿಳಿಯದಿದ್ದರೆ ಯಂತ್ರ ಎರಚುವುದು ನೀರನ್ನೇ. ನೀರನ್ನು ತಾಳಲಾರದ ಮಣ್ಣಿನ ಮೇಲ್ಗಡೆ ನೀರು ನಿಲ್ಲಿಸಿ, ಬೀಳದ ಹಿಮವನ್ನು ಬೀಳಿಸಹೊರಟದ್ದು ಜಾಣತನವೆಂದು ಹೇಳಲು ಬಾಯಿ ಬರುವುದಿಲ್ಲ. ಹೀಗೆಂದ ಮಾತ್ರಕ್ಕೆ ಔಲಿಯನ್ನು ಬಹಿಷ್ಕರಿಸಬೇಕೆಂದಲ್ಲ. ಬಿರುಕು ಬಿಟ್ಟ ಮನೆಯವರಿಗೂ ಪ್ರವಾಸಿಯ ಕಾಸೇ ಜೀವನ. ಹೋಗುವವರು ದೊಡ್ಡ ದಂಡಾಗಿ ಹೋಗದೆ, ದೊಡ್ಡ ಹೋಟೆಲುಗಳನ್ನು ಹುಡುಕದೆ, ಊರಿನವರ ಸಣ್ಣ ಮನೆಗಳಲ್ಲಿ ಇಳಿದುಕೊಳ್ಳಬಹುದು; ನರಸಿಂಹನ ದರ್ಶನ ಮಾಡಿ, ನಂದಾದೇವಿಯನ್ನು ಕಣ್ತುಂಬ ನೋಡಿ ಬರಬಹುದು. ಜಾರಾಟವನ್ನೇ ನೆಚ್ಚಿ ಹೋಗುವುದು ಮಾತ್ರ ಬೇಡ.

ಹಿಮಾಚಲದ ಸ್ಥಳಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮನಾಲಿಯ ಹತ್ತಿರದ ಸೋಲಾಂಗ್ ಕಣಿವೆಗೆ ದೆಹಲಿಯಿಂದ ರಸ್ತೆ ಸುಗಮ. ಮನಾಲಿಯಲ್ಲಿ ಸರ್ಕಾರದ ಪರ್ವತಾರೋಹಣ ಸಂಸ್ಥೆ ಸ್ಕೀ ಶಿಕ್ಷಣವನ್ನು ಕ್ರಮವಾಗಿ ಕೊಡುತ್ತದೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ, ಈಚೆ ಹಿಮವಿಲ್ಲದಿದ್ದರೆ ಒಂಬತ್ತು ಕಿಲೋಮೀಟರು ಬೆಟ್ಟದ ಹೊಟ್ಟೆಯೊಳಗೆ ಹಾದು ಲಾಹೌಲಿನಲ್ಲಿ ಹಿಮ ಕಾಣಬಹುದಾಗಿದೆ. ಈ ಸೌಲಭ್ಯವೇ ಅದರ ಶಾಪ. 2024ರ ಕ್ರಿಸ್‌ಮಸ್ಸಿನ ಹೊತ್ತಿಗೆ ಹಿಮ ಬಿದ್ದೊಡನೆ ಸೋಲಾಂಗಿಗೂ ಸುರಂಗಕ್ಕೂ ನಡುವೆ ಸುಮಾರು ಸಾವಿರ ವಾಹನಗಳು ಗಂಟೆಗಟ್ಟಲೆ ಸಿಕ್ಕಿಬಿದ್ದು, ಪೋಲೀಸರು ಜನರನ್ನು ಬಿಡಿಸಬೇಕಾಯಿತು. ಶಿಮ್ಲಾದ ಬಳಿಯ ಕುಫ್ರಿಯ ಹಿಮ ಈಗ ನೆಚ್ಚತಕ್ಕದ್ದಲ್ಲ. ಅಲ್ಲಿಂದ ಮುಂದೆ ಸೇಬಿನ ತೋಟಗಳ ನಡುವಣ ನಾರ್ಕಂಡಾ ಶಾಂತವಾದ ಊರು. ಮಗುವಿಗೆ ಹಿಮವನ್ನು ಮುಟ್ಟಿಸಿದರೆ ಸಾಕೆನ್ನುವ, ಸಂದಣಿಯನ್ನು ಸಹಿಸದ ಸಂಸಾರಕ್ಕೆ ತಕ್ಕುದು.

ಶಾಲೆ ತಪ್ಪಿಸಲೊಲ್ಲದ, ಕ್ರಿಸ್‌ಮಸ್ಸಿನ ಸಂದಣಿಗೂ ಒಗ್ಗದ ಮನೆಗಳಿಗೆ ಇನ್ನೊಂದು ದಾರಿಯಿದೆ. ಬೇಸಿಗೆ ರಜೆ ಬರುವ ಏಪ್ರಿಲಿನಲ್ಲಿ ಗುಲ್ಮಾರ್ಗದ ಬಯಲಿನ ಹಿಮ ಕರಗಿ ಹೋಗುತ್ತಿರುತ್ತದೆ. ಆದರೆ ಗೊಂಡೊಲಾದ ಎರಡನೆಯ ಹಂತದ ಮೇಲೆ, ಅಫರ್ವತದ ಹೆಗಲಿನಲ್ಲಿ, ಅದು ಸಾಮಾನ್ಯವಾಗಿ ಇನ್ನೂ ಉಳಿದಿರುತ್ತದೆ. ಕಲಿಯುವವರಿಗೆ ಅದು ತಕ್ಕ ಹಿಮವಲ್ಲ, ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿ ಕಾಲು ಹೂಳುತ್ತದೆ. ಆದರೆ ಉಂಡೆ ಕಟ್ಟಿ ಎಸೆಯುವುದಕ್ಕೆ ಧಾರಾಳವಾಗಿ ಸಾಲುತ್ತದೆ. ಅದೇ ವಾರಗಳಲ್ಲಿ ಶ್ರೀನಗರದಲ್ಲಿ, ದಾಲ್ ಸರೋವರದ ಮೇಲ್ಗಡೆಯ ತೋಟದಲ್ಲಿ, ಟ್ಯುಲಿಪ್ ಹೂಗಳು ಸಾಲುಸಾಲಾಗಿ ಬಿರಿದಿರುತ್ತವೆ. ಬೆಳಗ್ಗೆ ಹೂವಿನ ತೋಟ ನೋಡಿ, ಮಾರನೆಯ ದಿನ ಮೇಲೆ ಹೋಗುವುದಾದರೆ ಗೊಂಡೊಲಾದ ಚೀಟಿಯನ್ನು ಊರು ಬಿಡುವ ಮುನ್ನವೇ ಕೊಂಡಿಟ್ಟುಕೊಳ್ಳಬೇಕು. ಅಲ್ಲಿಗೆ ಹೋಗಿ ಕೇಳಿದರೆ ಬರಿಗೈಯಲ್ಲಿ ಹಿಂದಿರುಗುವವರೇ ಹೆಚ್ಚು.